ದಾಲ್ ಮಿಲ್ಲಿನ ಮ್ಯಾಗ್ನೆಟ್ಟಿನಿಂದ ಹಾರ್ಡ್ ಡಿಸ್ಕ್ ಅಳಿಸಲು ಆಗುತ್ತದಾ?

ಲೆಕ್ಕದ_ಮನುಷ್ಯ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಚಿಕ್ಕ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ನೋಡುತ್ತೇನೆ. ಹಳೆಯ ಕಂಪ್ಯೂಟರುಗಳನ್ನು ತೆಗೆದು ಹೊಸವು ಹಾಕಿದ್ದೇವೆ. ಈಗ ಕಪಾಟಿನಲ್ಲಿ ಒಂದು ರಟ್ಟಿನ ಡಬ್ಬಿ ಉಳಿದಿದೆ. ಅದರ ತುಂಬ ಹಾರ್ಡ್ ಡಿಸ್ಕು, ಬ್ಯಾಕಪ್ ಟೇಪು, ಫ್ಲಾಪಿ, ಕೆಲವು ಎಸ್‌ಎಸ್‌ಡಿ, ಪೆನ್ ಡ್ರೈವ್. ಸದಸ್ಯರ ಆಧಾರ್ ಪ್ರತಿ, ಸಹಿ, ಸಾಲದ ಲೆಕ್ಕ ಎಲ್ಲಾ ಅದರೊಳಗೇ ಇದೆ. ಅಧ್ಯಕ್ಷರು "ಗುಜರಿಗೆ ಹಾಕ್ರಿ, ಕಿಲೋ ಲೆಕ್ಕದಾಗ ಹೋಗ್ತದ" ಅನ್ನುತ್ತಾರೆ. ನನಗೆ ಧೈರ್ಯ ಸಾಲುತ್ತಿಲ್ಲ.

ನಮ್ಮ ಮಾವನವರದು ದಾಲ್ ಮಿಲ್. ತೊಗರಿಯಲ್ಲಿ ಬರುವ ಮೊಳೆ, ಕಬ್ಬಿಣದ ಚೂರು ಹಿಡಿಯಲು ಅಲ್ಲಿ ಜೋರು ಮ್ಯಾಗ್ನೆಟ್ ಕೂಡಿಸಿದ್ದಾರೆ. ಅದರ ಮೇಲೆ ಈ ಡಬ್ಬಿಯನ್ನು ಒಂದು ರಾತ್ರಿ ಇಟ್ಟರೆ ಡೇಟಾ ಹೋಗುತ್ತದಾ? ತಿಳಿದವರು ಹೇಳಿ.

ಸುರಪುರದ_ಸಂಶಯ (ಯಾದಗಿರಿ ಜಿಲ್ಲೆ)

ನಮ್ಮ ಕಾಲದಲ್ಲಿ ಫ್ಲಾಪಿಯನ್ನು ಸ್ಪೀಕರ್ ಮೇಲೆ ಮರೆತು ಬಂದರೆ ಸಾಕಿತ್ತು, ಪ್ರಾಜೆಕ್ಟ್ ರಿಪೋರ್ಟ್ ಹೋದ ಹಾಗೇ. ಮಿಲ್ ಮ್ಯಾಗ್ನೆಟ್ ಅಂದರೆ ಕೇಳಬೇಕಾ? ಇಟ್ಟುಬಿಡಿ ಅಣ್ಣ.

ಡೇಟಾ_ಕಾವಲು (ಹುಮನಾಬಾದ್)

ಇಡಬೇಡಿ. ಅಂದರೆ ಇಟ್ಟರೂ ನಷ್ಟವೇನಿಲ್ಲ, ಆದರೆ ಅಳಿಸಿತು ಅಂತ ನಂಬಿ ಗುಜರಿಗೆ ಕೊಡಬೇಡಿ.

ಮೊದಲು ರಾತ್ರಿಯ ಮಾತು. ಎಷ್ಟು ಹೊತ್ತು ಇಟ್ಟಿರಿ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಜೋರಿದೆ ಅನ್ನುವುದೇ ಮುಖ್ಯ. ಒಂದು ಸಲ ಮೂಡಿದ ಕಾಂತದ ಗುರುತನ್ನು ಅಳಿಸಲು ಎದುರು ದಿಕ್ಕಿನಿಂದ ಎಷ್ಟು ಕಾಂತಕ್ಷೇತ್ರ ಬೇಕು ಅನ್ನುವುದಕ್ಕೆ ಕೋಯರ್ಸಿವಿಟಿ ಅನ್ನುತ್ತಾರೆ. ಅದನ್ನು ಓರ್ಸ್ಟೆಡ್‌ನಲ್ಲಿ ಅಳೆಯುತ್ತಾರೆ. ಹಳೆಯ 360 ಕೆಬಿ ಫ್ಲಾಪಿಗೆ ಸುಮಾರು 300. ಮೂರೂವರೆ ಇಂಚಿನ 1.44 ಎಂಬಿ ಫ್ಲಾಪಿಗೆ 700ರ ಆಸುಪಾಸು. 2005-06ರ ನಂತರ ಬಂದ ಹಾರ್ಡ್ ಡಿಸ್ಕ್‌ಗಳಲ್ಲಿ ಬಿಟ್‌ಗಳನ್ನು, ಅಂದರೆ ಡೇಟಾದ ಕಾಂತದ ಗುರುತುಗಳನ್ನು, ಒಳಗೆ ತಿರುಗುವ ತಟ್ಟೆಯ ಮೇಲೆ ಮಲಗಿಸದೆ ನೆಟ್ಟಗೆ ನಿಲ್ಲಿಸಿ ಬರೆಯುತ್ತಾರೆ. ಅವಕ್ಕೆ 5,000ದ ಹತ್ತಿರ ಬೇಕು.

ನಿಮ್ಮ ಮಾವನವರ ಮ್ಯಾಗ್ನೆಟ್ ಮೇಲೆ 10,000 ಗಾಸ್ ಅಂತ ಬರೆದಿರಬಹುದು. ಅದು ಮ್ಯಾಗ್ನೆಟ್ಟಿನ ಮೈ ಮೇಲಿನ ಮಾತು. ಒಂದೆರಡು ಬೆರಳು ದೂರ ಹೋದರೆ ಪಾತಾಳಕ್ಕೆ ಇಳಿಯುತ್ತದೆ. ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್‌ನ ದಪ್ಪವೇ 26 ಮಿಲಿಮೀಟರ್. ತಟ್ಟೆಗಳು ಇರುವುದು ಒಳಗೆ.

ಇನ್ನೊಂದು ವಿಷಯ. ಹಾರ್ಡ್ ಡಿಸ್ಕ್ ಒಳಗೇ ಗಟ್ಟಿ ನಿಯೋಡಿಮಿಯಮ್ ಮ್ಯಾಗ್ನೆಟ್ ಇರುತ್ತದೆ. ಓದಿ ಬರೆಯುವ ಹೆಡ್ ಹೊತ್ತ ತೋಳನ್ನು ಆಡಿಸುವುದೇ ಅದು. ತಟ್ಟೆಯ ಪಕ್ಕದಲ್ಲಿ ವರ್ಷಗಟ್ಟಲೆ ಕೂತರೂ ಡೇಟಾಗೆ ಏನೂ ಆಗುವುದಿಲ್ಲ. ಹೊರಗಿನ ಮ್ಯಾಗ್ನೆಟ್ಟಿಗೆ ಹೆದರುತ್ತದಾ?

ಪಿಯು_ಭೌತಶಾಸ್ತ್ರ (ಕಲಬುರಗಿ)

ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮೇಲೆ ಒಂದು ಕಡೆ ಓರ್ಸ್ಟೆಡ್, ಒಂದು ಕಡೆ ಗಾಸ್ ಬಂದಿದೆ. ಗಾಳಿಯಲ್ಲಿ ಎರಡರ ಅಂಕಿಯೂ ಒಂದೇ, ಹಾಗಾಗಿ ಹೋಲಿಸಬಹುದು. ಅಂದಾಜಿಗೆ ಇರಲಿ ಅಂತ: ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.4 ಗಾಸ್. 5,000 ಎಷ್ಟು ದೊಡ್ಡದು ಅಂತ ಅದರಿಂದ ಗೊತ್ತಾಗುತ್ತದೆ.

ಔರಾದ್_ನೌಕೆ (ಬೀದರ್ ಜಿಲ್ಲೆ)

ಹೀಗೆ ಕಾಂತ ಅಳಿಸುವ ಕೆಲಸಕ್ಕೆ ಡೀಗಾಸಿಂಗ್ ಅನ್ನುತ್ತಾರೆ. ನೀವು ಡಿಸ್ಕ್ ಬಗ್ಗೆ ಮಾತಾಡುತ್ತಿದ್ದೀರಿ. ನಾನು ನೌಕಾಪಡೆಯಲ್ಲಿ ವಿದ್ಯುತ್ ವಿಭಾಗದಲ್ಲಿದ್ದೆ. ನಾವು ಇದನ್ನು ಇಡೀ ಹಡಗಿಗೇ ಮಾಡುತ್ತಿದ್ದೆವು.

ಸುರಪುರದ_ಸಂಶಯ

ಕಾಕಾ, ಔರಾದಿನವರು ನೌಕಾಪಡೆಗಾ? ನಿಮ್ಮ ಜಿಲ್ಲೆಯಲ್ಲಿ ಇರುವ ದೊಡ್ಡ ನೀರು ಅಂದರೆ ಕಾರಂಜಾ ಡ್ಯಾಮ್ ಒಂದೇ ಅಲ್ವಾ?

ಔರಾದ್_ನೌಕೆ

ಸಮುದ್ರ ನೋಡದವರಿಗೇ ಅದರ ಹುಚ್ಚು ಜಾಸ್ತಿ ತಮ್ಮಾ.

ಹಡಗಿಗೆ ಯಾಕೆ ಇದು ಬೇಕು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಹಡಗು ಅಂದರೆ ಸಾವಿರಾರು ಟನ್ ಉಕ್ಕು. ಕಟ್ಟುವಾಗ ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ಸುತ್ತಿಗೆಯ ಪೆಟ್ಟು, ವೆಲ್ಡಿಂಗ್ ಕಾವು ಬೀಳುತ್ತಲೇ ಇರುತ್ತದೆ. ಹಾಗೆ ಬಡಿಸಿಕೊಳ್ಳುತ್ತಾ ಕೂತ ಉಕ್ಕಿನಲ್ಲಿ ಭೂಮಿಯ ಕಾಂತಕ್ಷೇತ್ರ ಅಚ್ಚಾಗಿಬಿಡುತ್ತದೆ. ಇದು ಕಾಯಂ ಕಾಂತತ್ವ. ಇನ್ನೊಂದು ತಾತ್ಕಾಲಿಕ. ಹಡಗು ಈ ಹೊತ್ತು ಎಲ್ಲಿದೆ, ಯಾವ ಕಡೆ ತಿರುಗಿದೆ ಅನ್ನುವುದರ ಮೇಲೆ ಅದು ಬದಲಾಗುತ್ತಾ ಇರುತ್ತದೆ. ಎರಡೂ ಸೇರಿ ಇಡೀ ಹಡಗು ಒಂದು ತೇಲುವ ಮ್ಯಾಗ್ನೆಟ್.

ದಿಕ್ಸೂಚಿ ಕೆಡುವುದು ಹಳೆಯ ತಲೆನೋವು. ಪ್ರಾಣಕ್ಕೆ ಬಂದದ್ದು 1939ರಲ್ಲಿ. ಜರ್ಮನಿಯವರು ಇಂಗ್ಲೆಂಡಿನ ಕರಾವಳಿಯ ಆಳವಿಲ್ಲದ ನೀರಿನಲ್ಲಿ ಕಾಂತದ ಮೈನ್, ಅಂದರೆ ನೀರೊಳಗೆ ಸಿಡಿಯುವ ಬಾಂಬು, ಹಾಕಲು ಶುರು ಮಾಡಿದರು. ಹಡಗು ಅದಕ್ಕೆ ತಾಗಬೇಕಾಗಿಯೇ ಇಲ್ಲ. ಮೈನ್ ತಳದಲ್ಲಿ ಸುಮ್ಮನೆ ಕೂತಿರುತ್ತದೆ. ಮೇಲೆ ಉಕ್ಕು ಹಾದುಹೋದಾಗ ಅಲ್ಲಿನ ಕಾಂತಕ್ಷೇತ್ರ, ಅದರಲ್ಲೂ ಮೇಲಿನಿಂದ ಕೆಳಗೆ ಇಳಿಯುವ ಪಾಲು, ಬದಲಾಗುತ್ತದೆ. ಒಳಗಿನ ಸೂಜಿ ವಾಲಿ ಸರ್ಕ್ಯೂಟ್ ಕೂಡುತ್ತದೆ. ಮುಗಿಯಿತು. ಕೆಲವೇ ವಾರಗಳಲ್ಲಿ ಹಡಗುಗಳು ಒಂದರ ಹಿಂದೆ ಒಂದು ಮುಳುಗಿದವು. ಮೈನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದೇ ಬ್ರಿಟಿಷರಿಗೆ ಸರಿಯಾಗಿ ತಿಳಿದಿರಲಿಲ್ಲ.

ಆಮೇಲೆ ಅದೃಷ್ಟ ಕೈಹಿಡಿಯಿತು. ವಿಮಾನದಿಂದ ಬೀಳಿಸಿದ ಮೈನ್ ಒಂದು ಥೇಮ್ಸ್ ನದಿಯ ಮುಖದಲ್ಲಿ, ಶೂಬರಿನೆಸ್ ಅನ್ನುವ ಊರಿನ ಕೆಸರಿನಲ್ಲಿ ಬಿತ್ತು. ಉಬ್ಬರ ಇಳಿದಾಗ ಕಣ್ಣಿಗೆ ಬಿತ್ತು. 1939ರ ನವೆಂಬರ್ 23ರಂದು ಜಾನ್ ಔವ್ರಿ ಎಂಬ ನೌಕಾ ಅಧಿಕಾರಿ ಅದನ್ನು ಬಿಚ್ಚಿದರು. ಕಬ್ಬಿಣದ ಪಾನಾ ಹತ್ತಿರ ತರುವ ಹಾಗಿಲ್ಲ. ಅದಕ್ಕೇ ಹಿತ್ತಾಳೆಯಲ್ಲಿ ಉಪಕರಣ ಮಾಡಿಸಿಕೊಂಡು ಹೋಗಿದ್ದರು.

ಬಿದರಿ_ಉಳಿ (ಬೀದರ್)

ಬಿದರಿ ಲೋಹದ ಪಾನಾ ಕೂಡ ನಡೆಯುತ್ತಿತ್ತು ಕಾಕಾ. ಮುಕ್ಕಾಲಿಗಿಂತ ಬಹಳ ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. ಮೇಲೆ ಬೆಳ್ಳಿ. ಮ್ಯಾಗ್ನೆಟ್ ಮೂಸಿಯೂ ನೋಡುವುದಿಲ್ಲ. ಆದರೆ ನಟ್ ಬಿಚ್ಚುವಾಗ ಮುರಿದುಹೋಗುತ್ತದೆ ಅನ್ನುವುದು ಬೇರೆ ಮಾತು. 😀

ಲೆಕ್ಕದ_ಮನುಷ್ಯ

ಕಾಕಾ ಮುಂದೆ ಹೇಳಿ. ಮೈನ್ ಬಿಚ್ಚಿದ ಮೇಲೆ ಹಡಗಿಗೆ ಏನು ಮಾಡಿದರು? ನಮ್ಮ ಡಬ್ಬಿ ಕಪಾಟಿನಲ್ಲೇ ಇದೆ, ಅದಕ್ಕೇನು ಅವಸರವಿಲ್ಲ.

ಔರಾದ್_ನೌಕೆ

ಎರಡು ದಾರಿ ಹಿಡಿದರು. ಇವೆರಡರ ವ್ಯತ್ಯಾಸ ಗಮನಿಸಿ, ನಿಮ್ಮ ಡಬ್ಬಿಗೂ ಬೇಕಾಗುತ್ತದೆ.

ಮೊದಲನೆಯದು ಕಾಯಿಲ್. ಹಡಗಿನ ಸುತ್ತ ತಾಮ್ರದ ಕೇಬಲ್ ಸುತ್ತಿ ಕರೆಂಟ್ ಹರಿಸುವುದು. ಹಡಗಿನ ಕ್ಷೇತ್ರಕ್ಕೆ ಸರಿಯಾಗಿ ಎದುರಾದ ಕ್ಷೇತ್ರ ಹುಟ್ಟುತ್ತದೆ, ಕೆಳಗಿರುವ ಮೈನಿಗೆ ಮೇಲೆ ಏನೂ ಇಲ್ಲ ಅನ್ನಿಸುತ್ತದೆ. ಇಲ್ಲಿ ಹಡಗಿನ ಕಾಂತತ್ವ ಎಲ್ಲೂ ಹೋಗಿಲ್ಲ. ಸ್ವಿಚ್ ಆರಿಸಿದರೆ ಮತ್ತೆ ಹಾಜರ್. ಆಗಿನ ಕಾಲಕ್ಕೆ ಪ್ರಪಂಚದ ಅತಿ ದೊಡ್ಡ ಪ್ರಯಾಣಿಕರ ಹಡಗಾಗಿದ್ದ ಕ್ವೀನ್ ಎಲಿಜಬೆತ್ 1940ರಲ್ಲಿ ಗುಟ್ಟಾಗಿ ನ್ಯೂಯಾರ್ಕಿಗೆ ಓಡಿದ್ದು ಇಂಥ ಕಾಯಿಲ್ ಕಟ್ಟಿಕೊಂಡೇ.

ಎರಡನೆಯದು ಒರೆಸುವುದು. ಎಲ್ಲಾ ಹಡಗಿಗೂ ಕಾಯಿಲ್ ಕಟ್ಟಲು ತಾಮ್ರ ಎಲ್ಲಿಂದ ತರಬೇಕು? ಒಂದು ದಪ್ಪ ಕೇಬಲ್ಲನ್ನು ಹಡಗಿನ ಪಕ್ಕೆಗೆ ತಾಗಿಸಿ ಎಳೆಯುತ್ತಾ ಸುಮಾರು 2,000 ಆಂಪಿಯರ್ ಕರೆಂಟ್ ಬಿಡುತ್ತಿದ್ದರು. ಉಕ್ಕಿನ ಕಾಯಂ ಕಾಂತತ್ವವೇ ಬದಲಾಗುತ್ತಿತ್ತು. ಜಲಾಂತರ್ಗಾಮಿಗೆ ಮಾಡುವಾಗ ಅದರದೇ ಬ್ಯಾಟರಿಯಿಂದ ಕರೆಂಟ್ ತೆಗೆದುಕೊಳ್ಳುತ್ತಿದ್ದರು. 1940ರಲ್ಲಿ ಫ್ರಾನ್ಸಿನ ಡನ್‌ಕರ್ಕ್ ಬಂದರಿನಿಂದ ಸೈನಿಕರನ್ನು ಕರೆತರಬೇಕಾದಾಗ ನಾಲ್ಕು ದಿನಗಳಲ್ಲಿ 400 ಹಡಗು, ದೋಣಿಗಳಿಗೆ ಹೀಗೆ ಒರೆಸಿದ್ದರು. ಆದರೆ ಇದು ಕಾಯಂ ಪರಿಹಾರ ಅಲ್ಲ. ಹಡಗು ಓಡಾಡುತ್ತಾ ಭೂಮಿಯ ಕ್ಷೇತ್ರವನ್ನು ಮತ್ತೆ ನಿಧಾನವಾಗಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಒಂದೇ ದಿಕ್ಕಿನಲ್ಲಿ ಬಹಳ ಹೊತ್ತು ಹೋಗಬೇಡಿ, ಆಗಾಗ ತಿರುಗಿಸಿ ಅಂತ ಕ್ಯಾಪ್ಟನ್‌ಗಳಿಗೆ ಸೂಚನೆ ಇತ್ತು.

ಬೀದರ್_ಆಕಾಶ

ವಾಯುನೆಲೆಯ ಬೇಲಿ ಪಕ್ಕದಲ್ಲಿ ಬೆಳೆದವನು ನಾನು, ವಿಮಾನದ ಮಾತು ಬಿಟ್ಟರೆ ಹೇಗೆ? ಆ ಮೈನ್‌ಗಳನ್ನು ಸಿಡಿಸಲು ಬ್ರಿಟಿಷರು ವೆಲ್ಲಿಂಗ್ಟನ್ ಬಾಂಬರ್‌ಗೆ 48 ಅಡಿ ಅಗಲದ ದೊಡ್ಡ ಬಳೆ ಕಟ್ಟಿದ್ದರು. ಮೂತಿಯಿಂದ ಬಾಲದ ಹತ್ತಿರದವರೆಗೆ. ಒಳಗೆ ಕಾಯಿಲ್. ಕರೆಂಟ್ ಕೊಟ್ಟುಕೊಂಡು ಸಮುದ್ರದ ಮೇಲೆ ತಗ್ಗಿನಲ್ಲಿ ಹಾರಿದರೆ ಕೆಳಗಿನ ಮೈನ್ ಹಡಗು ಬಂತು ಅಂತ ಮೋಸಹೋಗಿ ಸಿಡಿಯುತ್ತಿತ್ತು. ಮೊದಲನೇದು ಸಿಡಿದದ್ದು 1940ರ ಜನವರಿ 8ಕ್ಕೆ. ಫೋಟೋ ಹುಡುಕಿ ನೋಡಿ, ನಗು ಬರುತ್ತದೆ. ಆ ಪೈಲಟ್‌ಗಳಿಗೆ ಬಂದಿರಲಿಕ್ಕಿಲ್ಲ.

ಶಹಾಬಾದ್_ವೆಲ್ಡರ್

ಕಾಕಾ ಹೇಳಿದ ಕಾಯಿಲ್ ಕೆಲಸ ನಾವೂ ಮಾಡುತ್ತೇವೆ! ಪೈಪ್ ವೆಲ್ಡಿಂಗ್‌ನಲ್ಲಿ ಕೆಲವು ಪೈಪಿಗೆ ಕಾಂತ ಹಿಡಿದಿರುತ್ತದೆ. ಡೀಸಿ ಹಾಕಿದರೆ ಆರ್ಕ್ ನೆಟ್ಟಗೆ ನಿಲ್ಲುವುದೇ ಇಲ್ಲ, ಒಂದು ಕಡೆಗೆ ಓಡುತ್ತದೆ. ಜಾಯಿಂಟ್ ಹಾಳು. ಆಗ ವೆಲ್ಡಿಂಗ್ ಕೇಬಲ್ಲನ್ನೇ ಪೈಪಿಗೆ ನಾಲ್ಕಾರು ಸುತ್ತು ಹಾಕಿ ಕರೆಂಟ್ ಬಿಡುವುದು. ಒಂದು ಕಡೆ ಸುತ್ತಿ ನೋಡುವುದು, ಇನ್ನೂ ಜಾಸ್ತಿ ಆದರೆ ಉಲ್ಟಾ ಸುತ್ತುವುದು. ಇಲ್ಲಾ ಅಂದರೆ ಏಸಿಯಲ್ಲಿ ವೆಲ್ಡ್ ಹೊಡೆಯುವುದು. ನಮ್ಮ ಮೇಸ್ತ್ರಿ ಇದನ್ನು ಹೆಸರು ಗಿಸರು ಏನೂ ಹೇಳದೆ ಕಲಿಸಿದರು.

ಪಿಯು_ಭೌತಶಾಸ್ತ್ರ

ತುಂಬ ಚೆನ್ನಾಗಿದೆ. ಇದು ಮೊದಲ ದಾರಿ. ಉಕ್ಕಿನಲ್ಲಿ ಕಾಂತ ಇರಲಿ, ಅದಕ್ಕೆ ಎದುರೊಂದು ನಿಲ್ಲಿಸು, ಅಷ್ಟೇ.

ನಿಜವಾಗಿಯೂ ಕಾಂತ ತೆಗೆಯಬೇಕು ಅಂದರೆ ಬೇರೆ ಉಪಾಯ. ಬರೀ ಎದುರು ದಿಕ್ಕಿನಲ್ಲಿ ಒಂದು ಜೋರು ಪೆಟ್ಟು ಕೊಟ್ಟರೆ ಆ ದಿಕ್ಕಿಗೆ ಹೊಸದಾಗಿ ಕಾಂತ ಹಿಡಿಯುತ್ತದೆ. ಸೊನ್ನೆಗೆ ತರುವುದು ಕಷ್ಟ. ಅದಕ್ಕೆ ಮೊದಲು ಆ ಕಡೆ ಜೋರಾಗಿ, ಆಮೇಲೆ ಈ ಕಡೆ ಸ್ವಲ್ಪ ಕಡಿಮೆ, ಮತ್ತೆ ಆ ಕಡೆ ಇನ್ನೂ ಕಡಿಮೆ, ಹೀಗೆ ಇಳಿಸುತ್ತಾ ಹೋಗಬೇಕು. ಪಂಚಮಿಯ ಜೋಕಾಲಿ ಜೀಕುವುದನ್ನು ಬಿಟ್ಟ ಮೇಲೆ ಸಣ್ಣ ಸಣ್ಣ ತೂಗಾಗಿ ಕೊನೆಗೆ ನಡುವೆ ಬಂದು ನಿಲ್ಲುತ್ತದಲ್ಲ, ಹಾಗೆ. ಉಕ್ಕಿನ ಒಳಗಿನ ಪುಟ್ಟ ಪುಟ್ಟ ಕಾಂತವಲಯಗಳು ಆಗ ಯಾವುದೋ ಒಂದು ಕಡೆಗೆ ಸಾಲಾಗಿ ನಿಲ್ಲದೆ ಎಲ್ಲಾ ದಿಕ್ಕಿಗೂ ಚದುರುತ್ತವೆ. ಒಟ್ಟು ಕೂಡಿದರೆ ಸೊನ್ನೆಯ ಹತ್ತಿರ.

ಇನ್ನೊಂದು ದಾರಿ ಕಾಯಿಸುವುದು. ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಮ್ಯಾಗ್ನೆಟ್ ಆಗಿ ಉಳಿಯುವುದಿಲ್ಲ. ಹಡಗನ್ನು ಕಾಯಿಸಲು ಆಗುವುದಿಲ್ಲ ಬಿಡಿ.

ಯಾದಗಿರಿ_ಟೀವಿ_ರಿಪೇರಿ

ಮೇಡಂ ಹೇಳಿದ್ದನ್ನು ನಾವು ಕೈಯಾರೆ ಮಾಡುತ್ತಿದ್ದೆವು. ಹಳೆಯ ಡಬ್ಬಾ ಕಲರ್ ಟೀವಿ ನೆನಪಿದೆಯಾ? ಆನ್ ಮಾಡಿದಾಗ "ಢಮ್ಮ್" ಅಂತ ಒಂದು ಸದ್ದು ಬಂದು ಗುಂಯ್‌ಗುಟ್ಟಿ ನಿಲ್ಲುತ್ತಿತ್ತು. ಅದು ಡೀಗಾಸಿಂಗ್ ಕಾಯಿಲ್. ಪಿಕ್ಚರ್ ಟ್ಯೂಬ್ ಸುತ್ತ ಕಟ್ಟಿರುತ್ತಾರೆ. ಕರೆಂಟ್ ಹೋಗುವ ದಾರಿಯಲ್ಲಿ ಒಂದು ಪಿಟಿಸಿ ಥರ್ಮಿಸ್ಟರ್ ಇರುತ್ತದೆ. ತಣ್ಣಗಿದ್ದಾಗ ಕರೆಂಟ್ ಜೋರಾಗಿ ಬಿಡುತ್ತದೆ, ಬಿಸಿಯಾದ ಹಾಗೆ ತಡೆಯುತ್ತದೆ. ಏಸಿ ಕರೆಂಟ್ ತಾನಾಗೇ ಇಳಿಯುತ್ತಾ ಸತ್ತುಹೋಗುತ್ತದೆ. ಒಳಗಿನ ಜಾಲರಿಯ ಕಾಂತ ಹೋಗುತ್ತದೆ.

ಹಬ್ಬದಲ್ಲಿ ದೊಡ್ಡ ಸ್ಪೀಕರ್ ತಂದು ಟೀವಿ ಪಕ್ಕ ಇಟ್ಟುಬಿಡುವರು. ಮೂಲೆಯಲ್ಲಿ ಹಸಿರು, ಗುಲಾಬಿ ಕಲೆ. ಟ್ಯೂಬ್ ಹೋಯಿತು ಅಂತ ಅಳುತ್ತಾ ಬರುವರು. ನಾನು ಕೈಯಲ್ಲಿ ಹಿಡಿಯುವ ರಿಂಗ್ ಕಾಯಿಲ್ ಹಚ್ಚಿ, ಪರದೆ ಮುಂದೆ ಗುಂಡಗೆ ತಿರುಗಿಸುತ್ತಾ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದೆ. ಒಂದೂವರೆ ಎರಡು ಮೀಟರ್ ದೂರ ಬಂದ ಮೇಲೆ ಸ್ವಿಚ್ ಬಿಡುವುದು. ಪರದೆಯ ಹತ್ತಿರವೇ ಸ್ವಿಚ್ ಬಿಟ್ಟರೆ ಕಲೆ ಇನ್ನೂ ಕೆಟ್ಟದಾಗುತ್ತದೆ. ಹೊಸ ಹುಡುಗರು ಅಲ್ಲೇ ಎಡವುವುದು.

ಬಿದರಿ_ಉಳಿ

ಓಹೋ. ನಮ್ಮ ಉಳಿ, ಕಾನಸುಗಳ ತುದಿಗೆ ಕಬ್ಬಿಣದ ಪುಡಿ ಅಂಟಿಕೊಂಡು ಕಾಟ ಕೊಡುತ್ತದೆ. ಗಡಿಯಾರ ರಿಪೇರಿಯವರ ಹತ್ತಿರ ಒಂದು ಪುಟ್ಟ ನೀಲಿ ಡಬ್ಬಿ ಇದೆ. ಮೇಲಿಟ್ಟು ಗುಂಡಿ ಒತ್ತಿ, ಒತ್ತಿಕೊಂಡೇ ಮೇಲಕ್ಕೆ ಎತ್ತಿ, ಆಮೇಲೆ ಬಿಡಬೇಕು ಅಂತ ಹೇಳುತ್ತಿದ್ದರು. ಯಾಕೆ ಅಂತ ಈಗ ತಿಳಿಯಿತು. ಕೈಗಡಿಯಾರದ ಕೂದಲೆಳೆ ಸ್ಪ್ರಿಂಗಿಗೆ ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ಗಡಿಯಾರ ಮುಂದೆ ಓಡುತ್ತದಂತೆ.

ಲೆಕ್ಕದ_ಮನುಷ್ಯ

ಹಡಗಿಗೂ ಹೀಗೇ ಇಳಿಸುತ್ತಾ ಮಾಡುತ್ತಾರಾ ಕಾಕಾ?

ಔರಾದ್_ನೌಕೆ

ಹೌದು. ಅದಕ್ಕೆ ಡಿಪರ್ಮಿಂಗ್ ಅನ್ನುತ್ತಾರೆ. ಬಂದರಿನಲ್ಲಿ ಹಡಗು ನಿಲ್ಲಿಸಿ ಸುತ್ತ ಕೇಬಲ್ ಸುತ್ತುತ್ತಾರೆ. ಭಾರೀ ಕರೆಂಟ್ ಆ ಕಡೆ ಈ ಕಡೆ ತಿರುಗಿಸುತ್ತಾ ಇಳಿಸುತ್ತಾರೆ. ಕೇಬಲ್ ಹೊರುವುದೇ ದೊಡ್ಡ ಕೂಲಿ ಕೆಲಸ. ಬೆನ್ನು ನೆನಪಿಟ್ಟುಕೊಳ್ಳುತ್ತದೆ. ಕೈಗಡಿಯಾರ, ಡಿಸ್ಕು ಮುಂತಾದವನ್ನು ಮೊದಲೇ ಕೆಳಗೆ ಇಳಿಸಬೇಕು.

ಆದರೂ ತಾತ್ಕಾಲಿಕ ಕಾಂತತ್ವ ಉಳಿದೇ ಉಳಿಯುತ್ತದೆ. ಅದು ಭೂಮಿಯಿಂದ ಬರುವುದು, ಭೂಮಿಯನ್ನು ಆರಿಸಲು ಆಗುತ್ತದಾ? ಅದಕ್ಕೇ ಕಾಯಿಲ್‌ಗಳೂ ಬೇಕು. ಎಮ್ ಕಾಯಿಲ್ ಮಟ್ಟಸವಾಗಿ ಹಡಗಿನ ಸುತ್ತ, ಮೇಲೆ ಕೆಳಗಿನ ಪಾಲಿಗೆ. ಎಲ್ ಕಾಯಿಲ್ ಉದ್ದದ ಪಾಲಿಗೆ. ಎ ಕಾಯಿಲ್ ಅಡ್ಡದ ಪಾಲಿಗೆ. ಹಡಗು ತಿರುಗಿದ ಹಾಗೆ ಕರೆಂಟ್ ಹೆಚ್ಚು ಕಡಿಮೆ ಆಗುತ್ತಿರಬೇಕು. ಸಮುದ್ರದ ತಳದಲ್ಲಿ ಸೆನ್ಸರ್ ಹಾಸಿರುವ ಜಾಗದ ಮೇಲೆ ಹಡಗನ್ನು ಓಡಿಸಿ ಎಷ್ಟು ಉಳಿದಿದೆ ಅಂತ ನೋಡುತ್ತಾರೆ. ನಮ್ಮ ಹಡಗುಗಳ ಅಂಕಿ ಕೇಳಬೇಡಿ, ಹೇಳುವುದಿಲ್ಲ.

ನಮ್ಮ ಕಡೆಯ ಒಂದು ವಿಶೇಷ ಹೇಳಬಹುದು. ಭೂಮಿಯ ಕಾಂತ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ರಾಕೆಟ್ ಹಾರಿಸಲು ಆ ಜಾಗ ಆರಿಸಿದ್ದೂ ಅದಕ್ಕೇ. ಇಂಗ್ಲೆಂಡಿನಲ್ಲಿ ಕ್ಷೇತ್ರ ಹೆಚ್ಚಾಗಿ ಕೆಳಗೆ ನೆಲಕ್ಕೆ ಇಳಿಯುತ್ತದೆ. ಕೊಚ್ಚಿಯಲ್ಲಿ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಉತ್ತರಕ್ಕೆ ಹೋಗುತ್ತದೆ. ಹಾಗಾಗಿ ಒಂದೇ ಹಡಗು ಉತ್ತರದ ಸಮುದ್ರದಿಂದ ಇಲ್ಲಿಗೆ ಬಂದರೆ ಎಮ್ ಕಾಯಿಲ್‌ನ ಕೆಲಸ ಇಳಿಯುತ್ತದೆ, ಎಲ್, ಎ ಕಾಯಿಲ್‌ಗಳ ಕೆಲಸ ಏರುತ್ತದೆ. ಅಲ್ಲಿನ ಹೊಂದಿಕೆ ಇಲ್ಲಿಗೆ ನಡೆಯುವುದಿಲ್ಲ.

ಸುರಪುರದ_ಸಂಶಯ

ಒಂದು ಅನುಮಾನ. ಇದು 1940ರ ಕಥೆ. ಈಗ ಕ್ಷಿಪಣಿ, ಡ್ರೋನ್ ಕಾಲ. ಇನ್ನೂ ಯಾರು ಮೈನಿಗೆ ಹೆದರುತ್ತಾರೆ?

ಔರಾದ್_ನೌಕೆ

1991ರ ಫೆಬ್ರವರಿ 18, ಕೊಲ್ಲಿ ಯುದ್ಧ. ಅಮೆರಿಕದ ಪ್ರಿನ್ಸ್‌ಟನ್ ಅನ್ನುವ ಕ್ರೂಸರ್ ಯುದ್ಧಹಡಗಿನ ಕೆಳಗೆ ತಳದ ಮೈನ್ ಸಿಡಿದು ಹಡಗಿನ ಬೆನ್ನು ಮುರಿಯುವ ಹಾಗಾಯಿತು. ಅದು ಹಡಗಿನ ಸದ್ದು, ಕಾಂತ ಎರಡನ್ನೂ ಗಮನಿಸುವ ಜಾತಿಯದು. ಮೈನ್ ಹಾಕುವುದು ಅಗ್ಗ, ತೆಗೆಯುವುದು ದುಬಾರಿ. ಅದಕ್ಕೇ ಮೈನ್ ತೆಗೆಯುವ ಹಡಗುಗಳನ್ನು ಮರದಲ್ಲೋ ಫೈಬರ್‌ನಲ್ಲೋ ಕಾಂತ ಹಿಡಿಯದ ಲೋಹದಲ್ಲೋ ಕಟ್ಟುತ್ತಾರೆ. ನಮ್ಮಲ್ಲಿ ಅಂಥ ಕೊನೆಯ ಹಡಗು 2019ರಲ್ಲಿ ನಿವೃತ್ತಿಯಾಯಿತು. ಅದರ ಜಾಗಕ್ಕೆ ಹೊಸದು ತರಲು ಇಷ್ಟು ತಡವಾದದ್ದು ನನಗೆ ಸರಿ ಅನ್ನಿಸುವುದಿಲ್ಲ. ಅಭಿಪ್ರಾಯ ನನ್ನದು, ಜಗಳ ಬೇಡ.

ಡೇಟಾ_ಕಾವಲು

ಈಗ ಡಬ್ಬಿಗೆ ಬರೋಣ. ಮೇಲಿನದನ್ನೆಲ್ಲ ಓದಿ ಒಂದು ತಪ್ಪು ತಿಳಿವಳಿಕೆ ಬರಬಹುದು, ಡಿಸ್ಕಿಗೂ ಹೀಗೇ ನಿಧಾನ ಇಳಿಸಬೇಕು ಅಂತ. ಬೇಕಿಲ್ಲ.

ಹಡಗಿಗೆ ಕೊನೆಯಲ್ಲಿ ಎಷ್ಟು ಕಾಂತ ಉಳಿಯಿತು ಅನ್ನುವುದು ಮುಖ್ಯ. ಸೊನ್ನೆಗೆ ಹತ್ತಿರ ಬರಲೇಬೇಕು. ಡಿಸ್ಕಿಗೆ ಕಾಂತ ಉಳಿದರೂ ಚಿಂತೆಯಿಲ್ಲ, ಬರಹ ಉಳಿಯಬಾರದು. ಎಲ್ಲಾ ಬಿಟ್‌ಗಳೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತರೂ ಸಾಕು, ಓದಲು ಏನೂ ಇರುವುದಿಲ್ಲ. ಹಾಗಾಗಿ ಡಿಸ್ಕ್ ಅಳಿಸುವ ಯಂತ್ರಗಳಲ್ಲಿ ಕೆಪಾಸಿಟರ್ ತುಂಬಿಸಿ ಒಂದೇ ಸಲಕ್ಕೆ ಕಾಯಿಲ್‌ಗೆ ಬಿಡುವ ಜಾತಿಯೂ ಇದೆ, ಕಾಯಂ ಮ್ಯಾಗ್ನೆಟ್ ನಡುವೆ ಡಿಸ್ಕ್ ದಾಟಿಸುವ ಜಾತಿಯೂ ಇದೆ. 10,000ದಿಂದ 20,000 ಗಾಸ್ ಇಡೀ ಡಿಸ್ಕಿನ ಒಳಗೆ ಮುಟ್ಟುವ ಹಾಗೆ ಮಾಡುತ್ತಾರೆ. ಮಿಲ್ಲಿನ ಮ್ಯಾಗ್ನೆಟ್ ಸೋಲುವುದು ಆ "ಒಳಗೆ ಮುಟ್ಟುವ" ಕಡೆ.

ಡೀಗಾಸ್ ಆದ ಹಾರ್ಡ್ ಡಿಸ್ಕ್ ಮತ್ತೆ ಬಳಕೆಗೆ ಬರುವುದಿಲ್ಲ. ಹೆಡ್ ಎಲ್ಲಿ ನಿಲ್ಲಬೇಕು ಅಂತ ತೋರಿಸುವ ಸರ್ವೋ ಗುರುತುಗಳನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಅವೂ ಅಳಿಸಿಹೋಗುತ್ತವೆ. ಬ್ಯಾಕಪ್‌ಗೆ ಬಳಸುವ ಎಲ್‌ಟಿಒ ಟೇಪಿಗೂ ಇದೇ ಗತಿ. ಫ್ಲಾಪಿ, ಹಳೆಯ ಕ್ಯಾಸೆಟ್ ಮಾತ್ರ ಅಳಿಸಿ ಮತ್ತೆ ಬಳಸಬಹುದು. ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ತೊಡಕು: ಡ್ರೈವ್ ಸತ್ತ ಮೇಲೆ ನಿಜವಾಗಿ ಅಳಿಸಿತಾ ಅಂತ ಓದಿ ನೋಡಲು ಆಗುವುದಿಲ್ಲ. ಯಂತ್ರವನ್ನು ನಂಬಬೇಕು.

ಎಸ್‌ಎಸ್‌ಡಿ, ಪೆನ್ ಡ್ರೈವ್? ಅಲ್ಲಿ ಕಾಂತವೇ ಇಲ್ಲ. ಚಿಪ್ಪಿನೊಳಗೆ ಹಿಡಿದಿಟ್ಟ ವಿದ್ಯುತ್ ಕಣಗಳಲ್ಲಿ ಡೇಟಾ ಇರುತ್ತದೆ. ಪ್ರಪಂಚದ ಅತಿ ದೊಡ್ಡ ಮ್ಯಾಗ್ನೆಟ್ ತಂದರೂ ಪ್ರಯೋಜನವಿಲ್ಲ. ಸೀಡಿ, ಡೀವಿಡಿಯೂ ಹಾಗೇ.

ಚಿತ್ತಾಪುರ_ಎಲೆಕ್ಟ್ರಾನಿಕ್ಸ್

ನಾನು ಡಿಪ್ಲೊಮಾ ವಿದ್ಯಾರ್ಥಿ. ಹಾಳಾದ ಮೈಕ್ರೋವೇವ್ ಓವನ್ ಇದೆ ಮನೆಯಲ್ಲಿ. ಅದರ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ತೆಗೆದು ನಾನೇ ಒಂದು ಡೀಗಾಸರ್ ಮಾಡಿಕೊಡಲಾ ಅಣ್ಣ? ವಿಡಿಯೋ ನೋಡಿದ್ದೇನೆ.

ಯಾದಗಿರಿ_ಟೀವಿ_ರಿಪೇರಿ

ಬೇಡ ತಮ್ಮಾ. ಖಂಡಿತ ಬೇಡ. ಆ ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟ್ ಬರುತ್ತದೆ, ಕರೆಂಟೂ ಜೋರು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಹಿಡಿದುಕೊಂಡಿರುತ್ತದೆ. ಅದರಿಂದ ಜೀವ ಹೋದವರಿದ್ದಾರೆ. ಪಿಕ್ಚರ್ ಟ್ಯೂಬ್ ಶಾಕ್ ಹೊಡೆದರೆ ಕೈ ಹಿಂದಕ್ಕೆ ಬರುತ್ತದೆ, ಇದು ಎರಡನೇ ಅವಕಾಶ ಕೊಡುವುದಿಲ್ಲ. ಕಲಿಯುವ ಆಸೆ ಇದ್ದರೆ ಅಂಗಡಿಗೆ ಬಾ, ನನ್ನ ಹಳೆಯ ರಿಂಗ್ ಕಾಯಿಲ್ ತೋರಿಸುತ್ತೇನೆ.

ಲೆಕ್ಕದ_ಮನುಷ್ಯ

ಹಾಗಾದರೆ ನಾನೇನು ಮಾಡಲಿ? ಡೀಗಾಸರ್ ಯಂತ್ರ ಕೊಳ್ಳುವಷ್ಟು ನಮ್ಮ ಸಂಘ ದೊಡ್ಡದಲ್ಲ. ಮೂವತ್ತೈದು ಸಲ ಮೇಲೆ ಮೇಲೆ ಬರೆದರೆ ಹೋಗುತ್ತದೆ ಅಂತ ಒಬ್ಬರು ಹೇಳಿದರು. ಅಷ್ಟು ಡಿಸ್ಕಿಗೆ ಅಷ್ಟು ಸಲ ಅಂದರೆ ಮುಂದಿನ ತೊಗರಿ ಬರುತ್ತದೆ.

ಡೇಟಾ_ಕಾವಲು

ಆ 35ರ ಲೆಕ್ಕ 1996ರಲ್ಲಿ ಪೀಟರ್ ಗಟ್‌ಮನ್ ಬರೆದ ಲೇಖನದಿಂದ ಬಂದದ್ದು. ಆಗಿನ ಬೇರೆ ಬೇರೆ ಬಗೆಯ ಡ್ರೈವ್‌ಗಳೆಲ್ಲ ಸೇರಿ ಅಷ್ಟು. ಈಗಿನ ಹಾರ್ಡ್ ಡಿಸ್ಕಿಗೆ ಪೂರ್ತಿ ಒಂದು ಸಲ ಬರೆದರೆ ಸಾಕು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 800-88 ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಮನೆಯವರು, ಸಣ್ಣ ಕಚೇರಿಯವರು 35ರ ಹಿಂದೆ ಬೀಳುವುದು ಸುಮ್ನೆ ಕರೆಂಟ್ ದಂಡ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಓಡುವ ಹಾರ್ಡ್ ಡಿಸ್ಕ್‌ಗಳನ್ನು ಒಂದೊಂದಾಗಿ ಹಚ್ಚಿ ಡಿಸ್ಕಿನೊಳಗೇ ಇರುವ ಸೆಕ್ಯೂರ್ ಎರೇಸ್ ಆದೇಶ ಕೊಡುವುದು. ಕೆಟ್ಟ ಸೆಕ್ಟರ್ ಅಂತ ಪಕ್ಕಕ್ಕಿಟ್ಟ ಜಾಗಗಳನ್ನೂ ಅದರ ಎನ್‌ಹ್ಯಾನ್ಸ್‌ಡ್ ಬಗೆ ಮುಟ್ಟುತ್ತದೆ, ಸಾಮಾನ್ಯ ಸಾಫ್ಟ್‌ವೇರ್ ಮುಟ್ಟುವುದಿಲ್ಲ. ಆಮೇಲೆ ಲೇತ್ ಅಂಗಡಿಯಲ್ಲಿ ತಟ್ಟೆ ದಾಟುವ ಹಾಗೆ ತೂತು. ಓಡದ ಡಿಸ್ಕಿಗೆ ಬರೀ ತೂತು ಸಾಲದು, ಬಿಚ್ಚಿ ತಟ್ಟೆ ಹೊರಗೆ ತೆಗೆದು ಉಜ್ಜಿ, ಬಗ್ಗಿಸಿ ಹಾಳು ಮಾಡಬೇಕು. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಬಹಳ ಸಲ ಗಾಜಿನದು. ಸುತ್ತಿಗೆ ಹೊಡೆದರೆ ಸಿಡಿದು ಕಣ್ಣಿಗೆ ಬರುತ್ತದೆ. ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡೇ ಮಾಡಿ.

ಎಸ್‌ಎಸ್‌ಡಿಗೂ ಅಳಿಸುವ ಆದೇಶ ಅದರಲ್ಲೇ ಇದೆ. ಕೊಟ್ಟ ಮೇಲೆ ಒಳಗಿನ ಕಪ್ಪು ಚಿಪ್ಪುಗಳನ್ನು ಒಂದೊಂದನ್ನೂ ಪುಡಿ ಮಾಡಿ. ನಡುವೆ ಒಂದು ತೂತು ಹಾಕಿದರೆ ಚಿಪ್ ತಪ್ಪಿಸಿಕೊಂಡಿರಬಹುದು. ಟೇಪನ್ನು ಸುರುಳಿಯಿಂದ ಎಳೆದು ಚೂರು ಮಾಡಿ. ಫ್ಲಾಪಿಗೆ ಕತ್ತರಿ ಸಾಕು.

ಉಳಿದ ಸಾಮಾನನ್ನು ಗುಜರಿಗಲ್ಲ, ನೋಂದಾಯಿತ ಇ-ತ್ಯಾಜ್ಯ ಮರುಬಳಕೆಯವರಿಗೆ ಕೊಡಿ. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಸೀದಿ ಇಟ್ಟುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಕೆಲಸ ಮುಗಿದ ಡೇಟಾ ಅಳಿಸುವುದು ಇಟ್ಟುಕೊಂಡವರ ಹೊಣೆ. ನಿಮ್ಮ ಅಧ್ಯಕ್ಷರಿಗೆ ಈ ಮಾತು ಹೇಳಿ, ಕಿಲೋ ಲೆಕ್ಕ ಮರೆಯುತ್ತಾರೆ. ಮೊದಲು ಲೆಕ್ಕಪರಿಶೋಧನೆಗೆ ಬೇಕಾದದ್ದು ಯಾವುದಾದರೂ ಇದೆಯಾ ಅಂತ ನೋಡಿಕೊಳ್ಳಿ. ಅಳಿಸಿದ ಮೇಲೆ ಬಾರದು.

ಶಹಾಬಾದ್_ವೆಲ್ಡರ್

ಗುಜರಿ ಮಾತಿಗೆ ಒಂದು ಸೇರಿಸುತ್ತೇನೆ. ಮಗನ ಓದಿಗೆ ಅಂತ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದಿದ್ದೆ. ಹಚ್ಚಿದರೆ ಯಾವುದೋ ಆಸ್ಪತ್ರೆಯ ರೋಗಿಗಳ ಸ್ಕ್ಯಾನ್ ರಿಪೋರ್ಟ್, ಫೋನ್ ನಂಬರ್ ಸಮೇತ. ಬರೀ ಡಿಲೀಟ್ ಮಾಡಿ ಮಾರಿದ್ದರು, ಮಗ ಒಂದು ಉಚಿತ ಸಾಫ್ಟ್‌ವೇರ್ ಹಾಕಿ ವಾಪಸ್ ತೆಗೆದ. ನಮ್ಮ ಓಣಿಯವರ ಹೆಸರೂ ಇತ್ತು. ಆವತ್ತೇ ಪೂರ್ತಿ ಅಳಿಸಿಬಿಟ್ಟೆವು. ಎಲ್ಲರ ಮನೆಯಲ್ಲೂ ಹಾಗೇ ಅಳಿಸುತ್ತಾರಾ?

ಪಿಯು_ಭೌತಶಾಸ್ತ್ರ

ಅದಕ್ಕೇ ಹೊಸ ಕಂಪ್ಯೂಟರ್ ಬಂದ ದಿನವೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಬಿಡಬೇಕು, ಅಂದರೆ ಕೀ ಇಲ್ಲದೆ ಓದಲು ಬಾರದ ಹಾಗೆ ಗುಟ್ಟಿನ ಬರಹ ಮಾಡಬೇಕು. ಆಮೇಲೆ ಕೀ ಒಂದನ್ನು ನಾಶ ಮಾಡಿದರೆ ಒಳಗಿರುವುದು ಯಾರಿಗೂ ಓದಲು ಬಾರದ ಕಸ. ಕಾಂತವೂ ಬೇಡ, ಸುತ್ತಿಗೆಯೂ ಬೇಡ. ಮುಂದೆ ಇದು ಇನ್ನೂ ಮುಖ್ಯ ಆಗುತ್ತದೆ. ಲೇಸರ್‌ನಿಂದ ಒಂದು ಚುಕ್ಕೆ ಜಾಗ ಕಾಯಿಸಿ ಬರೆಯುವ ಹಾರ್ಡ್ ಡಿಸ್ಕ್‌ಗಳು ಬರುತ್ತಿವೆ. ಅವುಗಳ ತಟ್ಟೆಯಲ್ಲಿ ಕಬ್ಬಿಣ-ಪ್ಲಾಟಿನಮ್ ಮಿಶ್ರಣ ಇರುತ್ತದೆ. ತಣ್ಣಗಿದ್ದಾಗ ಅದರ ಕೋಯರ್ಸಿವಿಟಿ ಎಷ್ಟು ಅಂದರೆ, ಈಗಿನ ಡೀಗಾಸರ್‌ಗಳು ಅದಕ್ಕೆ ಸಾಲುವುದಿಲ್ಲ. ಕಾಯಿಸದೆ ಬರೆಯಲೂ ಆಗುವುದಿಲ್ಲ, ಅಳಿಸಲೂ ಆಗುವುದಿಲ್ಲ.

ಲೆಕ್ಕದ_ಮನುಷ್ಯ

ಅಧ್ಯಕ್ಷರಿಗೆ ಕಾಯ್ದೆಯ ಮಾತು ಹೇಳಿದೆ. ಒಪ್ಪಿದರು. ಅಳಿಸುವ ಕೆಲಸ ಶುರು ಮಾಡಿದ್ದೇನೆ. ಓಡದ ಡಿಸ್ಕ್‌ಗಳನ್ನು ಕಪನೂರಿನ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಗೆ ಒಯ್ಯುತ್ತೇನೆ, ನಾನು ಎದುರಿಗೇ ನಿಂತು ಮಾಡಿಸುತ್ತೇನೆ.

ಡಬ್ಬಿಯ ತಳದಲ್ಲಿ ಆಡಿಯೋ ಕ್ಯಾಸೆಟ್‌ಗಳೂ ಸಿಕ್ಕವು. ಸಂಘದ ಹಳೆಯ ವಾರ್ಷಿಕೋತ್ಸವದಲ್ಲಿ ಹಿರಿಯ ಸದಸ್ಯರು ಹಾಡಿದ ತತ್ವಪದಗಳು. ಇವನ್ನು ಉಳಿಸಬೇಕು. ಹಳೆಯ ಟೇಪ್ ರೆಕಾರ್ಡರ್ ಇದೆ, ನೇರ ಹಾಕಿ ಕೇಳಬಹುದಾ?

ಯಾದಗಿರಿ_ಟೀವಿ_ರಿಪೇರಿ

ತಡೆಯಿರಿ, ಹಾಗೇ ಹಾಕಬೇಡಿ. ವರ್ಷಗಟ್ಟಲೆ ಓಡಿದ ಹೆಡ್‌ಗೂ ಕಾಂತ ಹಿಡಿದಿರುತ್ತದೆ. ಅಂಥ ಹೆಡ್ ಮೇಲೆ ಕ್ಯಾಸೆಟ್ ಓಡಿದರೆ ಸುಂಯ್ ಅನ್ನುವ ಸದ್ದು ಸೇರುತ್ತದೆ, ತಾಳದ ಕಿಣಿಕಿಣಿಯಂಥ ಸಣ್ಣ ಸ್ವರ ಮಂಕಾಗುತ್ತದೆ. ಮೊದಲು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಹೆಡ್ ಒರೆಸಿ. ಆಮೇಲೆ ಹೆಡ್ ಡೀಮ್ಯಾಗ್ನೆಟೈಸರ್ ಕಡ್ಡಿ. ರೆಕಾರ್ಡರ್ ಆಫ್ ಇರಬೇಕು, ಕ್ಯಾಸೆಟ್ ದೂರ ಇರಬೇಕು. ಕಡ್ಡಿಯನ್ನು ದೂರದಲ್ಲೇ ಆನ್ ಮಾಡಿ, ನಿಧಾನ ಹತ್ತಿರ ತಂದು, ಹೆಡ್ ಮೇಲೆ ಆಡಿಸಿ, ನಿಧಾನ ದೂರ ಒಯ್ದು ಅಲ್ಲೇ ಆಫ್ ಮಾಡಿ. ನನ್ನ ಹತ್ತಿರ ಕಡ್ಡಿ ಇದೆ. ಯಾದಗಿರಿಗೆ ಬಂದರೆ ರೆಕಾರ್ಡರ್ ಹಿಡಿದುಕೊಂಡು ಬನ್ನಿ, ಅಲ್ಲೇ ಕಂಪ್ಯೂಟರಿಗೂ ಇಳಿಸೋಣ.

ಮತ್ತೆ ಒಂದು. ಆ ಕ್ಯಾಸೆಟ್‌ಗಳನ್ನು ಮಾವನವರ ಮಿಲ್ಲಿನ ಕಡೆ ಒಯ್ಯಬೇಡಿ. ಕ್ಯಾಸೆಟ್ ಟೇಪಿನ ಕೋಯರ್ಸಿವಿಟಿ ಕೆಲವು ನೂರು ಅಷ್ಟೇ. ಅಲ್ಲಿ ಮಾತ್ರ ಆ ಮ್ಯಾಗ್ನೆಟ್ ಗೆಲ್ಲುತ್ತದೆ.

ಲೆಕ್ಕದ_ಮನುಷ್ಯ

ಬರುತ್ತೇನೆ. ಕ್ಯಾಸೆಟ್ ಬೇರೆ ಚೀಲಕ್ಕೆ ಹಾಕಿ ಮನೆಗೆ ತಂದಿಟ್ಟೆ.

ಸುರಪುರದ_ಸಂಶಯ

ನನ್ನ ಹಳೆಯ ಮೊಬೈಲ್ ಮಾರುವುದಿದೆ. ಅದಕ್ಕೂ ತೂತು ಹಾಕಬೇಕಾ?

ಡೇಟಾ_ಕಾವಲು

ತೂತು ಹಾಕಿದರೆ ಯಾರು ಕೊಳ್ಳುತ್ತಾರೆ? ಈಚಿನ ಫೋನುಗಳಲ್ಲಿ ಡೇಟಾ ಮೊದಲೇ ಎನ್‌ಕ್ರಿಪ್ಟ್ ಆಗಿರುತ್ತದೆ. ಖಾತೆಗಳಿಂದ ಹೊರಬಂದು, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ. ಮೆಮೊರಿ ಕಾರ್ಡ್ ಮಾತ್ರ ಯಾರಿಗೂ ಕೊಡಬೇಡಿ.